ಗಣಕಯಂತ್ರದ ಔಟ್‌ಪುಟ್ ಸಾಧನಗಳು: ಅರ್ಜಿದಾರರಿಗೊಂದು ಪರಿಚಯ

ಸರ್ಕಾರದ ವಿವಿಧ ಇಲಾಖೆಗಳ ಸೇವೆಗಳು ಗಣಕೀಕೃತಗೊಂಡ ನಂತರ ಸಾರ್ವಜನಿಕರು ಕಛೇರಿಯಿಂದ ಪಡೆಯುವ ಬಹುತೇಕ ದಾಖಲೆಗಳು ಯಾವುದಾದರೊಂದು ಯಂತ್ರದ ಮೂಲಕವೇ ಅವರ ಕೈಸೇರುತ್ತವೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಜನನ ಹಾಗೂ ಮರಣ ಪ್ರಮಾಣ ಪತ್ರ, ಅರ್ಜಿಯ ಸ್ವೀಕೃತಿ, ಶುಲ್ಕ ಪಾವತಿಯ ರಸೀದಿ ಇವೆಲ್ಲವೂ ಗಣಕಯಂತ್ರದ ಒಳಗಿರುವವರೆಗೆ ಸೊನ್ನೆ ಮತ್ತು ಒಂದರ ಸಂಕೇತಗಳು ಮಾತ್ರ. ಈ ಸಂಕೇತಗಳನ್ನು ಮನುಷ್ಯರು ನೋಡಬಲ್ಲ, ಓದಬಲ್ಲ, ಕೇಳಬಲ್ಲ ಅಥವಾ ಸ್ಪರ್ಶಿಸಿ ತಿಳಿಯಬಲ್ಲ ರೂಪಕ್ಕೆ ತರುವ ಉಪಕರಣಗಳನ್ನು ಔಟ್‌ಪುಟ್ ಸಾಧನಗಳು ಎಂದು ಕರೆಯಲಾಗುತ್ತದೆ. ಕೀಲಿಮಣೆ, ಮೌಸ್, ಸ್ಕ್ಯಾನರ್, ಬೆರಳಚ್ಚು ಓದುವ ಯಂತ್ರ ಇವು ಮಾಹಿತಿಯನ್ನು ಒಳಗೆ ಕಳುಹಿಸುವಂಥವು. ಪರದೆ, ಮುದ್ರಕ, ಧ್ವನಿವರ್ಧಕ, ಬ್ರೈಲ್ ಸಾಧನ ಇವು ಹೊರಗೆ ಕೊಡುವಂಥವು. ಬೆರಳಿನಿಂದ ಮುಟ್ಟಿ ಬಳಸುವ ಟಚ್ ಸ್ಕ್ರೀನ್ ಈ ಎರಡೂ ಕೆಲಸಗಳನ್ನು ಮಾಡುತ್ತದೆ.

ಔಟ್‌ಪುಟ್ ಎಂಬ ಪದವು ಕೇವಲ ತಾಂತ್ರಿಕ ಪರಿಭಾಷೆಯಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ ಮೂಲಕ ಭಾರತೀಯ ಸಾಕ್ಷ್ಯ ಕಾಯ್ದೆಗೆ ಸೇರಿಸಲಾದ 65ಬಿ ಕಲಮಿನಲ್ಲಿ, ಗಣಕಯಂತ್ರದಿಂದ ಮುದ್ರಿಸಿದ ಅಥವಾ ಪ್ರತಿ ಮಾಡಿದ ಮಾಹಿತಿಯನ್ನು 'ಕಂಪ್ಯೂಟರ್ ಔಟ್‌ಪುಟ್' ಎಂದೇ ಹೆಸರಿಸಲಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನಲ್ಲಿಯೂ ಇದೇ ವಿಷಯವಿದೆ. ನಿಗದಿತ ಷರತ್ತುಗಳು ಪೂರೈಕೆಯಾಗಿ, ಅಗತ್ಯ ಪ್ರಮಾಣ ಪತ್ರವಿದ್ದಲ್ಲಿ ಇಂತಹ ಮುದ್ರಿತ ಹಾಳೆಯು ನ್ಯಾಯಾಲಯದಲ್ಲಿ ದಾಖಲೆಯಾಗಿ ಪರಿಗಣಿತವಾಗುತ್ತದೆ. ಆದ್ದರಿಂದ ತಮ್ಮ ಕೈಗೆ ಬಂದ ಹಾಳೆಯು ಯಾವ ಬಗೆಯ ಯಂತ್ರದಿಂದ ಬಂದಿದೆ, ಅದು ಎಷ್ಟು ಕಾಲ ಬಾಳುತ್ತದೆ, ಅದನ್ನು ಹೇಗೆ ಕಾಪಾಡಬೇಕು ಎಂಬುದನ್ನು ಅರ್ಜಿದಾರರು ತಿಳಿದಿರುವುದು ಉಪಯುಕ್ತ.

ಪರದೆ

ಎಲ್ಲರಿಗೂ ಪರಿಚಿತವಾದ ಔಟ್‌ಪುಟ್ ಸಾಧನವೆಂದರೆ ಪರದೆ, ಅಂದರೆ ಮಾನಿಟರ್. ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕ್ಯಾಥೋಡ್ ಕಿರಣ ನಳಿಕೆಯು ಮುಂದೆ ದೂರದರ್ಶನ ಪೆಟ್ಟಿಗೆಗೂ ಗಣಕಯಂತ್ರದ ಪರದೆಗೂ ಆಧಾರವಾಯಿತು. ಹಿಂದೆ ಕಛೇರಿಗಳ ಮೇಜಿನ ಅರ್ಧ ಭಾಗವನ್ನು ಆಕ್ರಮಿಸುತ್ತಿದ್ದ ಭಾರವಾದ ಮಾನಿಟರುಗಳು ಈ ನಳಿಕೆಯವೇ. ಇಂದಿನ ತೆಳು ಪರದೆಗಳಲ್ಲಿ ದ್ರವ ಸ್ಫಟಿಕದ ಪದರವು ಹಿಂಬದಿಯ ಬೆಳಕನ್ನು ಬಿಂದುಬಿಂದುವಾಗಿ ತಡೆಯುತ್ತಾ ಅಥವಾ ಬಿಡುತ್ತಾ ಚಿತ್ರವನ್ನು ಮೂಡಿಸುತ್ತದೆ.

ಸಾರ್ವಜನಿಕ ಸೇವೆಯ ದೃಷ್ಟಿಯಿಂದ ನೋಡಿದಾಗ, ಪರದೆ ಯಾವ ತಂತ್ರಜ್ಞಾನದ್ದು ಎಂಬುದಕ್ಕಿಂತ ಅದು ಯಾರ ಕಡೆಗೆ ಮುಖಮಾಡಿದೆ ಎಂಬುದು ಮುಖ್ಯವಾಗುತ್ತದೆ. ಕರ್ನಾಟಕದ ಕಂದಾಯ ಇಲಾಖೆಯು ಎನ್.ಐ.ಸಿ. ಸಂಸ್ಥೆಯ ತಾಂತ್ರಿಕ ನೆರವಿನೊಂದಿಗೆ ಜಾರಿಗೊಳಿಸಿದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ತಾಲ್ಲೂಕು ಕಛೇರಿಗಳ ಕೇಂದ್ರಗಳಲ್ಲಿ ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯುತ್ತಿತ್ತು. ಈ ಕೇಂದ್ರಗಳಲ್ಲಿ ನಿರ್ವಾಹಕರ ಮುಂದಿನ ಪರದೆಯಲ್ಲದೆ, ರೈತರ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯನ್ನೂ ಇಡಲಾಗಿತ್ತು. ನಿರ್ವಾಹಕರು ಯಾವ ಸರ್ವೆ ನಂಬರನ್ನು ತೆರೆಯುತ್ತಿದ್ದಾರೆ, ಅದರಲ್ಲಿ ಯಾರ ಹೆಸರಿದೆ ಎಂಬುದು ಕಿಟಕಿಯ ಹೊರಗೆ ನಿಂತವರಿಗೂ ಅದೇ ಕ್ಷಣದಲ್ಲಿ ಕಾಣುತ್ತಿತ್ತು. ಬಳಸಿದ ತಂತ್ರ ತೀರಾ ಸರಳವಾದದ್ದು. ಒಂದೇ ಚಿತ್ರವನ್ನು ಎರಡು ಪರದೆಗಳಿಗೆ ಕಳುಹಿಸುವುದಷ್ಟೇ. ಆದರೆ ತನ್ನ ಜಮೀನಿನ ದಾಖಲೆಯನ್ನು ಅದುವರೆಗೆ ಇನ್ನೊಬ್ಬರ ಕೈಯಲ್ಲಿನ ಪುಸ್ತಕದಲ್ಲಿ ಮಾತ್ರ ಕಂಡಿದ್ದ ರೈತನಿಗೆ ಈ ಎರಡನೆಯ ಪರದೆ ಕೊಟ್ಟ ಭರವಸೆಯು ಯೋಜನೆಯ ಅತ್ಯಂತ ಬೆಲೆಬಾಳುವ ಅಂಶಗಳಲ್ಲೊಂದು ಎನ್ನಬಹುದು.

ಇಂತಹ ಪರದೆ ಇರುವ ಕಡೆ ಸಾರ್ವಜನಿಕರು ಅದನ್ನು ತಪ್ಪದೆ ಓದಬೇಕು. ಇಲ್ಲದಿರುವ ಕಡೆ, ಮುದ್ರಣಕ್ಕೆ ಮೊದಲು ವಿವರಗಳನ್ನು ತೋರಿಸುವಂತೆ ಅಥವಾ ಓದಿ ಹೇಳುವಂತೆ ನಿರ್ವಾಹಕರನ್ನು ಕೋರಬಹುದು. ಹೆಸರಿನ ಕಾಗುಣಿತ, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನಾಂಕ, ಸರ್ವೆ ನಂಬರು ಮತ್ತು ಹಿಸ್ಸಾ, ವಿಸ್ತೀರ್ಣ ಇವುಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು. 2 ಎಕರೆ 4 ಗುಂಟೆ ಎಂದರೆ 84 ಗುಂಟೆ. ಅಂಕಿಗಳು ಅದಲುಬದಲಾಗಿ 4 ಎಕರೆ 2 ಗುಂಟೆ ಎಂದಾದರೆ 162 ಗುಂಟೆ. ಅರ್ಜಿ ತುಂಬುವಾಗ ಆದ ಇಂತಹ ತಪ್ಪನ್ನು ಪರದೆಯ ಮೇಲಿರುವಾಗ ಸರಿಪಡಿಸಲು ಒಂದು ನಿಮಿಷ ಸಾಕು. ಅದೇ ತಪ್ಪು ದಾಖಲೆಯಲ್ಲಿ ಸೇರಿ ಅಧಿಕಾರಿಯ ಸಹಿಯೂ ಆದ ನಂತರ ತಿದ್ದುಪಡಿಗೆ ಪ್ರತ್ಯೇಕ ಅರ್ಜಿ, ಪರಿಶೀಲನೆ, ಆದೇಶ ಎಲ್ಲವೂ ಬೇಕಾಗುತ್ತವೆ.

ಪರದೆಯ ಮೇಲೆ ಸ್ಪಷ್ಟವಾಗಿ ಕಂಡ ಭಾವಚಿತ್ರ ಕಾಗದದ ಮೇಲೆ ಮಸುಕಾಗುವುದೇಕೆ ಎಂದು ಹಲವರು ಕೇಳುತ್ತಾರೆ. ಪರದೆಯೂ ಮುದ್ರಕವೂ ಬಿಂದುಗಳಿಂದಲೇ ಚಿತ್ರ ರಚಿಸುತ್ತವೆ. ಆದರೆ ಅವುಗಳ ಸಾಂದ್ರತೆಯಲ್ಲಿ ಬಹಳ ವ್ಯತ್ಯಾಸವಿದೆ. 1920 ಅಡ್ಡ ಮತ್ತು 1080 ಉದ್ದ ಬಿಂದುಗಳ ಪರದೆಯಲ್ಲಿ ಒಟ್ಟು ಸುಮಾರು 20.7 ಲಕ್ಷ ಬಿಂದುಗಳಿರುತ್ತವೆ. ಅಂಗುಲಕ್ಕೆ 600 ಬಿಂದು ಮುದ್ರಿಸುವ ಲೇಸರ್ ಮುದ್ರಕವು ಒಂದು ಎ4 ಹಾಳೆಯನ್ನು ಸುಮಾರು 3.48 ಕೋಟಿ ಬಿಂದುಗಳ ಜಾಗವಾಗಿ ವಿಂಗಡಿಸುತ್ತದೆ. 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ ಭಾವಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಚೆನ್ನಾಗಿ ಮುದ್ರಿಸಲು ಸುಮಾರು 413 ಅಡ್ಡ ಮತ್ತು 531 ಉದ್ದ ಬಿಂದುಗಳು ಬೇಕು. 160 ಬಿಂದು ಅಗಲದ ಚಿಕ್ಕ ಚಿತ್ರವನ್ನು ಸಲ್ಲಿಸಿದರೆ ಪರದೆಯ ಮೇಲೆ ಅದು ಮುದ್ದಾಗಿಯೇ ಕಾಣುತ್ತದೆ, ಗುರುತಿನ ಚೀಟಿಯ ಮೇಲೆ ಮಾತ್ರ ಮುಖ ಗುರುತು ಸಿಗುವುದು ಕಷ್ಟವಾಗುತ್ತದೆ. ಅರ್ಜಿಯಲ್ಲಿ ಸೂಚಿಸಿರುವ ಅಳತೆಗೆ ಅನುಗುಣವಾದ ಚಿತ್ರವನ್ನೇ ಸಲ್ಲಿಸಲು ಕೋರುವುದು ಈ ಕಾರಣದಿಂದ.

ಮುದ್ರಕಗಳು

ಡಾಟ್ ಮ್ಯಾಟ್ರಿಕ್ಸ್ ಮುದ್ರಕವನ್ನು ಅದರ ಕರಕರ ಶಬ್ದದಿಂದಲೇ ಗುರುತಿಸಬಹುದು. ಇದರ ಶಿರದಲ್ಲಿರುವ ಸೂಕ್ಷ್ಮ ಸೂಜಿಗಳು ಮಸಿಯ ರಿಬ್ಬನ್ನಿಗೆ ಬಡಿದು ಕಾಗದದ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ. ಹೀಗೆ ಬಡಿಯುವ ಕಾರಣ ಕಾರ್ಬನ್ ಹಾಳೆಯಿಟ್ಟು ಒಮ್ಮೆಗೇ ಎರಡು ಮೂರು ಪ್ರತಿಗಳನ್ನು ತೆಗೆಯಲು ಇದರಿಂದ ಸಾಧ್ಯ; ಉಳಿದ ಮುದ್ರಕಗಳಿಗೆ ಈ ಶಕ್ತಿಯಿಲ್ಲ. ಬ್ಯಾಂಕಿನ ಪಾಸ್ ಪುಸ್ತಕಗಳನ್ನು ಮುದ್ರಿಸುವ ಹಲವು ಯಂತ್ರಗಳೂ ಇದೇ ಬಗೆಯವು. ರಿಬ್ಬನ್ ಹಳೆಯದಾದಾಗ ಅಕ್ಷರಗಳು ತೆಳುವಾಗುವುದೊಂದೇ ಇದರ ದೊಡ್ಡ ದೋಷ. ಅಂತಹ ಹಾಳೆಯನ್ನು ಸ್ವೀಕರಿಸುವ ಮೊದಲು ಅಂಕಿಗಳನ್ನು ಬೆಳಕಿನಲ್ಲಿ ಓದಿ ನೋಡುವುದು ಒಳಿತು.

ಲೇಸರ್ ಮುದ್ರಕವನ್ನು ಜೆರಾಕ್ಸ್ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ತಂತ್ರಜ್ಞರು 1971ರ ವೇಳೆಗೆ ಸಾಧಿಸಿ ತೋರಿಸಿದರು. ವಿದ್ಯುದಾವೇಶ ಹೊಂದಿದ ಉರುಳೆಯ ಮೇಲೆ ಲೇಸರ್ ಕಿರಣವು ಪುಟದ ಚಿತ್ರವನ್ನು ಬರೆಯುತ್ತದೆ. ಟೋನರ್ ಎಂಬ ನುಣುಪಾದ ಪುಡಿಯು ಆ ಗುರುತುಗಳಿಗೆ ಮಾತ್ರ ಅಂಟಿಕೊಂಡು ಕಾಗದಕ್ಕೆ ವರ್ಗಾವಣೆಯಾಗುತ್ತದೆ. ಕೊನೆಗೆ ಬಿಸಿ ಉರುಳೆಗಳ ನಡುವೆ ಹಾದು ಹೋಗುವಾಗ ಪುಡಿ ಕರಗಿ ಕಾಗದದಲ್ಲಿ ಬೆಸೆಯುತ್ತದೆ. ಹೊರಬಂದ ಹಾಳೆ ಬೆಚ್ಚಗಿರುವುದು ಇದರಿಂದಲೇ. ಟೋನರ್ ಮೂಲತಃ ಪ್ಲಾಸ್ಟಿಕ್ ಮಿಶ್ರಿತ ಪುಡಿಯಾದ್ದರಿಂದ ನೀರು ಬಿದ್ದರೂ ಅಕ್ಷರ ಹರಿಯುವುದಿಲ್ಲ. ಪ್ರಮಾಣ ಪತ್ರಗಳಿಗೆ ಲೇಸರ್ ಮುದ್ರಣವೇ ಹೆಚ್ಚು ಯೋಗ್ಯ. ಆದರೆ ಇಂತಹ ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಯೊಳಗೆ ವರ್ಷಗಟ್ಟಲೆ ಒತ್ತಿಟ್ಟರೆ ಅಕ್ಷರಗಳು ಹೊದಿಕೆಗೆ ಅಂಟಿ ಎದ್ದು ಬರುವುದುಂಟು.

ಇಂಕ್‌ಜೆಟ್ ಮುದ್ರಕವು ದ್ರವರೂಪದ ಶಾಯಿಯನ್ನು ಅತಿ ಸಣ್ಣ ರಂಧ್ರಗಳಿಂದ ಹನಿಹನಿಯಾಗಿ ಚಿಮ್ಮಿಸುತ್ತದೆ. ವರ್ಣಚಿತ್ರಗಳಿಗೆ ಇದು ಉತ್ತಮ. ಬಣ್ಣದ ಶಾಯಿ ನೀರಿನಲ್ಲಿ ಕರಗುವ ಜಾತಿಯದಾದರೆ ಒಂದು ಮಳೆಹನಿ ಬಿದ್ದರೂ ಅಕ್ಷರ ಕದಡುತ್ತದೆ. ಮಳೆಗಾಲದಲ್ಲಿ ಅರ್ಜಿ ಹಿಡಿದು ಬರುವವರು ಇದನ್ನು ನೆನಪಿಡಬೇಕು.

ಉಷ್ಣ ಮುದ್ರಕ ಮತ್ತು ಅಳಿಸಿಹೋಗುವ ರಸೀದಿ

ಥರ್ಮಲ್ ಮುದ್ರಕ, ಅಂದರೆ ಉಷ್ಣ ಮುದ್ರಕದ ಬಗ್ಗೆ ತುಸು ವಿವರವಾಗಿ ಹೇಳುವುದು ಅವಶ್ಯ. ಸಾರ್ವಜನಿಕರಿಗೆ ಅತಿ ಹೆಚ್ಚು ನಷ್ಟವಾಗುವ ಸಂಭವವಿರುವುದು ಈ ಯಂತ್ರದ ಹಾಳೆಗಳಿಂದಲೇ. ಎ.ಟಿ.ಎಂ. ಚೀಟಿ, ಬಸ್ ನಿರ್ವಾಹಕರ ಕೈಯಂತ್ರದಿಂದ ಬರುವ ಟಿಕೆಟ್, ಸರದಿಯ ಟೋಕನ್, ಕಾರ್ಡಿನಿಂದ ಹಣ ಪಾವತಿಸಿದಾಗ ಕೊಡುವ ಚೀಟಿ ಇವು ಸಾಮಾನ್ಯವಾಗಿ ಉಷ್ಣ ಮುದ್ರಕದವು. ಇದರಲ್ಲಿ ಶಾಯಿಯೂ ಇಲ್ಲ, ಪುಡಿಯೂ ಇಲ್ಲ, ರಿಬ್ಬನ್ನೂ ಇಲ್ಲ. ಕಾಗದದ ಮೇಲ್ಮೈಯಲ್ಲಿಯೇ ಬಣ್ಣರಹಿತ ರಾಸಾಯನಿಕದ ಲೇಪನವಿರುತ್ತದೆ. ಮುದ್ರಕದ ಬಿಸಿ ಶಿರ ತಾಗಿದ ಕಡೆ ಆ ಲೇಪನ ಕಪ್ಪಾಗುತ್ತದೆ.

ಹೀಗೆ ಶಾಖದಿಂದ ಹುಟ್ಟಿದ ಅಕ್ಷರವು ಶಾಖ, ಬಿಸಿಲು, ಎಣ್ಣೆ, ಮದ್ಯಸಾರ ಬೆರೆತ ಕೈತೊಳೆಯುವ ದ್ರವ ಹಾಗೂ ಕೆಲವು ಬಗೆಯ ಮೆತುವಾದ ಪ್ಲಾಸ್ಟಿಕ್ ಕವರುಗಳ ಸಂಪರ್ಕದಿಂದ ಹಾಳಾಗುತ್ತದೆ. ಕಿಸೆಯಲ್ಲಿಟ್ಟು ಮರೆತ ಚೀಟಿ ಕೆಲವೇ ತಿಂಗಳುಗಳಲ್ಲಿ ಬಿಳಿಯ ಹಾಳೆಯಾಗುವುದು ಅನೇಕರ ಅನುಭವ. ಇನ್ನು ಕೆಲವರು ಭದ್ರವಾಗಿರಲೆಂದು ಇಂತಹ ರಸೀದಿಯನ್ನು ಲ್ಯಾಮಿನೇಷನ್ ಮಾಡಿಸಲು ಅಂಗಡಿಗೆ ಕೊಡುತ್ತಾರೆ. ಲ್ಯಾಮಿನೇಷನ್ ಯಂತ್ರದ ಬಿಸಿಗೆ ಇಡೀ ಹಾಳೆಯೇ ಕಪ್ಪಾಗಿ ಒಂದಕ್ಷರವೂ ಉಳಿಯುವುದಿಲ್ಲ. ಕಾಗದ ಯಾವ ಬಗೆಯದೆಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಹಾಳೆಯ ಖಾಲಿ ಮೂಲೆಯಲ್ಲಿ ಉಗುರಿನಿಂದ ಬಿರುಸಾಗಿ ಒಂದು ಗೆರೆ ಎಳೆಯಿರಿ. ಉಜ್ಜುವಿಕೆಯ ಬಿಸಿಯಿಂದ ಕಪ್ಪು ಗೆರೆ ಮೂಡಿದರೆ ಅದು ಉಷ್ಣ ಕಾಗದ.

ಈ ವಿಷಯಕ್ಕೆ ಮಹತ್ವವಿರುವುದೇಕೆ ಎಂಬುದಕ್ಕೆ ಸಕಾಲ ಯೋಜನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ 2011ರನ್ವಯ ಅಧಿಸೂಚಿತ ಸೇವೆಗೆ ಅರ್ಜಿ ಸಲ್ಲಿಸಿದ ಪ್ರತಿಯೊಬ್ಬರಿಗೂ ಸ್ವೀಕೃತಿಯೊಂದಿಗೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯನ್ನು ನೀಡಲಾಗುತ್ತದೆ. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗಿನ ಪರಿಹಾರ ವೆಚ್ಚ ಕೋರಲು ಈ ಸಂಖ್ಯೆಯೇ ಆಧಾರ. ಸ್ವೀಕೃತಿ ಅಥವಾ ರಸೀದಿಯು ಉಷ್ಣ ಕಾಗದದಲ್ಲಿ ದೊರೆತಲ್ಲಿ ಅದೇ ದಿನ ಅದರ ಜೆರಾಕ್ಸ್ ಪ್ರತಿ ತೆಗೆಸಿಟ್ಟುಕೊಳ್ಳುವುದು, ಅಥವಾ ಮೊಬೈಲಿನಲ್ಲಿ ಅದರ ಚಿತ್ರ ತೆಗೆಯುವುದು ಕ್ಷೇಮ. ಎರಡೂ ಆಗದಿದ್ದರೆ ಸಂಖ್ಯೆಯನ್ನು ಪೆನ್ನಿನಿಂದ ಪುಸ್ತಕವೊಂದರಲ್ಲಿ ಬರೆದುಕೊಂಡರೂ ಸಾಕು.

ಉಷ್ಣ ಮುದ್ರಕವು ಎಲ್ಲೆಡೆ ದುರ್ಬಲವೆಂದು ಭಾವಿಸಬೇಕಾಗಿಲ್ಲ. ಮತದಾನದ ವೇಳೆ ಬಳಸುವ ವಿವಿಪ್ಯಾಟ್ ಯಂತ್ರದಲ್ಲಿಯೂ ಇದೇ ತತ್ವವಿದೆ. ಮತ ಹಾಕಿದ ಕೂಡಲೇ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು ಮತ್ತು ಚಿಹ್ನೆ ಮುದ್ರಿತವಾದ ಚೀಟಿಯು ಗಾಜಿನ ಕಿಟಕಿಯಲ್ಲಿ 7 ಸೆಕೆಂಡು ಕಾಣಿಸಿ, ನಂತರ ಮೊಹರು ಮಾಡಿದ ಪೆಟ್ಟಿಗೆಗೆ ಬೀಳುತ್ತದೆ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲ ಬಾರಿಗೆ ಬಳಕೆಯಾದ ಈ ಸಾಧನವನ್ನು 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕ್ಷೇತ್ರಗಳಲ್ಲಿಯೂ ಬಳಸಲಾಯಿತು. ಕತ್ತಲಿನ ಪೆಟ್ಟಿಗೆಯೊಳಗೆ ಬಿಸಿಲೂ ಇಲ್ಲ, ಎಣ್ಣೆಗೈಯೂ ಇಲ್ಲ!

ಕನ್ನಡ ಅಕ್ಷರಗಳ ಮುದ್ರಣ

ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ಕೂರುತ್ತವೆ. ಕನ್ನಡದಲ್ಲಿ ಗುಣಿತ ಮೇಲೆ ಮತ್ತು ಪಕ್ಕದಲ್ಲಿ, ಒತ್ತಕ್ಷರ ಕೆಳಗೆ ಬರುತ್ತದೆ. ಆರಂಭದ ಮುದ್ರಕಗಳ ಸ್ಮರಣೆಯಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲವಾದ್ದರಿಂದ ಪ್ರತಿಯೊಂದು ಅಕ್ಷರವನ್ನೂ ಚಿತ್ರವೆಂದು ಭಾವಿಸಿ ಮುದ್ರಿಸಬೇಕಾಗುತ್ತಿತ್ತು, ಕೆಲಸ ನಿಧಾನವಾಗುತ್ತಿತ್ತು. ಒಂಬತ್ತು ಸೂಜಿಗಳ ಮುದ್ರಕದಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತಿದ್ದವು, ಇಪ್ಪತ್ನಾಲ್ಕು ಸೂಜಿಗಳದ್ದರಲ್ಲಿ ಓದಲು ಅನುಕೂಲವಾಗುತ್ತಿದ್ದವು. ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸಲು ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಎಂಬ ಪ್ರತ್ಯೇಕ ಫಲಕವನ್ನೇ ಗಣಕಯಂತ್ರದೊಳಗೆ ಅಳವಡಿಸುವ ಕಾಲವೊಂದಿತ್ತು. ನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಸರ್ಕಾರಿ ಕಛೇರಿಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು.

ಹಳೆಯ ಪದ್ಧತಿಯಲ್ಲಿ ಸಿದ್ಧಪಡಿಸಿದ ಕನ್ನಡ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಕನ್ನಡದ ಬದಲಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ, ಮುದ್ರಕವೂ ಅವನ್ನೇ ಮುದ್ರಿಸುತ್ತದೆ. ಇದು ಮುದ್ರಕದ ದೋಷವಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಈ ತೊಂದರೆ ಇಲ್ಲ. ಅರ್ಜಿದಾರರು ತಮ್ಮ ಮನವಿ ಅಥವಾ ಲಗತ್ತುಗಳನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿಸಿ ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸುವುದಾದರೆ ಯೂನಿಕೋಡಿನಲ್ಲಿ ಸಿದ್ಧಪಡಿಸಿ, ಅಕ್ಷರಶೈಲಿಯನ್ನು ಒಳಸೇರಿಸಿದ ಪಿಡಿಎಫ್ ಆಗಿ ಉಳಿಸಿ ಕಳುಹಿಸುವುದು ಸೂಕ್ತ.

ಕ್ಯೂಆರ್ ಸಂಕೇತ ಮತ್ತು ಡಿಜಿಟಲ್ ಸಹಿ

ಇತ್ತೀಚಿನ ಅನೇಕ ಪ್ರಮಾಣ ಪತ್ರಗಳ ಮೂಲೆಯಲ್ಲಿ ಕಪ್ಪು ಬಿಳುಪು ಚೌಕಗಳ ಕ್ಯೂಆರ್ ಸಂಕೇತವಿರುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆ ರೂಪಿಸಿದ ಈ ಸಂಕೇತವನ್ನು ಮುದ್ರಕ ಬರೆಯುತ್ತದೆ, ಇನ್ನೊಂದು ಯಂತ್ರ ಓದುತ್ತದೆ. ಮನುಷ್ಯರ ಕಣ್ಣಿಗೆ ಅದರಲ್ಲಿ ಏನೂ ತಿಳಿಯದು. ಸ್ವಲ್ಪ ಭಾಗ ಹಾಳಾದರೂ ಓದಲು ಬರುವಂತೆ ಇದನ್ನು ರಚಿಸಲಾಗಿದೆ. ಅತ್ಯುನ್ನತ ಮಟ್ಟದ ರಕ್ಷಣೆ ಇರುವಲ್ಲಿ ಸುಮಾರು ಶೇ. 30ರಷ್ಟು ಹಾನಿಯವರೆಗೆ ಓದಬಹುದು. ಆದರೂ ಸುತ್ತಲಿನ ಬಿಳಿಯ ಅಂಚು ಅತ್ಯಗತ್ಯ. ಹಾಳೆಯನ್ನು ಅಂದವಾಗಿ ಕತ್ತರಿಸುವ ಭರದಲ್ಲಿ ಆ ಅಂಚನ್ನು ತೆಗೆದುಹಾಕಬಾರದು, ಸಂಕೇತದ ಮೇಲೆ ಮಡಿಕೆ ಬೀಳದಂತೆ, ಮೊಹರು ಒತ್ತದಂತೆ ನೋಡಿಕೊಳ್ಳಬೇಕು.

ಡಿಜಿಟಲ್ ಸಹಿಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಆ ಸಹಿ ಇರುವುದು ವಿದ್ಯುನ್ಮಾನ ಕಡತದಲ್ಲಿ. ಮುದ್ರಿಸಿದಾಗ ಕಾಗದದ ಮೇಲೆ ಕಾಣುವ ಹಸಿರು ಗುರುತು ಅಥವಾ ಅಧಿಕಾರಿಯ ಹೆಸರು ಆ ಸಹಿಯ ಚಿತ್ರ ಮಾತ್ರ. ಚಿತ್ರವನ್ನು ಯಾರು ಬೇಕಾದರೂ ಮುದ್ರಿಸಬಹುದು. ದಾಖಲೆಯ ನೈಜತೆಯನ್ನು ಅದರ ಮೇಲಿನ ಸಂಖ್ಯೆಯನ್ನು ಸಂಬಂಧಿಸಿದ ಇಲಾಖೆಯ ಜಾಲತಾಣದಲ್ಲಿ ನಮೂದಿಸಿ ಅಥವಾ ಕ್ಯೂಆರ್ ಸಂಕೇತದ ಮೂಲಕ ಖಚಿತಪಡಿಸಿಕೊಳ್ಳಬೇಕು. ಜಮೀನು ಖರೀದಿಸುವವರು ಮಾರಾಟಗಾರರು ತಂದ ಮುದ್ರಿತ ಪಹಣಿಯನ್ನು ನೋಡಿ ಮುಂಗಡ ಹಣ ಕೊಡುವ ಮೊದಲು ಅದೇ ಸರ್ವೆ ನಂಬರಿನ ದಾಖಲೆಯನ್ನು ತಾವೇ ತೆರೆಸಿ ನೋಡುವುದು ಅತ್ಯವಶ್ಯ. ಹಾಗೆಯೇ, ಇಂತಹ ದಾಖಲೆಯ ಮೂಲ ಪಿಡಿಎಫ್ ಕಡತವನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಧ್ವನಿ, ಬ್ರೈಲ್ ಮತ್ತು ಇತರೆ

ಪ್ರೊಜೆಕ್ಟರ್ ಪರದೆಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತದೆ. ಪ್ಲಾಟರ್ ಎಂಬುದು ನಕ್ಷೆಗಳನ್ನು ಅಗಲವಾದ ಹಾಳೆಯ ಮೇಲೆ ಬಿಡಿಸುವ ಯಂತ್ರ. ನಕ್ಷೆಯ ಪ್ರತಿಯನ್ನು ಎ4 ಹಾಳೆಗೆ ಕುಗ್ಗಿಸಿ ಮುದ್ರಿಸಿದಾಗ ಅದರ ಅಳತೆಯ ಪ್ರಮಾಣ ಬದಲಾಗುವುದರಿಂದ ಅಂತಹ ಪ್ರತಿಯ ಮೇಲೆ ಸ್ಕೇಲ್ ಇಟ್ಟು ಜಮೀನಿನ ಅಳತೆ ಲೆಕ್ಕಹಾಕಬಾರದು. ಧ್ವನಿವರ್ಧಕವನ್ನು ರೈಲು ನಿಲ್ದಾಣಗಳಲ್ಲಿ, ಟೋಕನ್ ಸಂಖ್ಯೆ ಕೂಗುವ ಕಛೇರಿಗಳಲ್ಲಿ ಎಲ್ಲರೂ ಕೇಳಿರುತ್ತಾರೆ.

ದೃಷ್ಟಿವಿಕಲರಿಗೆ ಧ್ವನಿಯೇ ಪರದೆ. ಪರದೆಯ ಮೇಲಿನ ಪಠ್ಯವನ್ನು ಓದಿ ಹೇಳುವ ತಂತ್ರಾಂಶಗಳಲ್ಲಿ, 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ ಮತ್ತು ಕನ್ನಡವನ್ನೂ ಓದುತ್ತದೆ. ಸಣ್ಣ ಮೊಳೆಗಳು ಮೇಲೇರಿ ಕೆಳಗಿಳಿಯುತ್ತಾ ಬ್ರೈಲ್ ಚುಕ್ಕೆಗಳನ್ನು ರಚಿಸುವ ಫಲಕಗಳೂ, ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕೆ ಒತ್ತುವ ಬ್ರೈಲ್ ಮುದ್ರಕಗಳೂ ಇವೆ. ಭಾರತೀಯ ಭಾಷೆಗಳಿಗೆ 1951ರಲ್ಲಿ ಒಪ್ಪಿಗೆಯಾದ ಭಾರತಿ ಬ್ರೈಲ್ ಪದ್ಧತಿಯಲ್ಲಿ ಕನ್ನಡವೂ ಸೇರಿದೆ. ಆದರೆ ಓದುವ ತಂತ್ರಾಂಶಕ್ಕೆ ಬೇಕಾದದ್ದು ಪಠ್ಯ, ಚಿತ್ರವಲ್ಲ. ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿದ ಸುತ್ತೋಲೆಯ ಮುಂದೆ ಅದು ಮೌನವಾಗುತ್ತದೆ. ಹಳೆಯ ಅಕ್ಷರಶೈಲಿಯ ಕಡತವಾದರೆ ಅರ್ಥವಿಲ್ಲದ ಸದ್ದುಗಳನ್ನು ಉಚ್ಚರಿಸುತ್ತದೆ. ಇಂತಹ ದಾಖಲೆಯನ್ನು ಎದುರಿಸಿದವರು ಸದರಿ ಕಛೇರಿಗೆ ಬರೆದು ಯೂನಿಕೋಡ್ ಪಠ್ಯದ ಪ್ರತಿಯನ್ನು ಕೋರಬಹುದು.

ಗಣಕಯಂತ್ರದಲ್ಲಿರುವ ಮಾಹಿತಿಯನ್ನು ಯಾವ ರೂಪದಲ್ಲಿ ಪಡೆಯಬೇಕೆಂಬುದರಲ್ಲಿ ನಾಗರಿಕರಿಗೂ ಹಕ್ಕಿದೆ. ಮಾಹಿತಿ ಹಕ್ಕು ಅಧಿನಿಯಮ 2005ರ 2ನೇ ಕಲಮಿನ 'ಜೆ' ಖಂಡದ ಪ್ರಕಾರ ಗಣಕಯಂತ್ರದಲ್ಲಿ ಸಂಗ್ರಹಿತವಾದ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿ ಅಥವಾ ಮುದ್ರಿತ ಹಾಳೆಗಳ ಮೂಲಕ ಪಡೆಯುವುದು ಈ ಹಕ್ಕಿನಲ್ಲಿ ಸೇರಿದೆ. ಕೇಂದ್ರ ಸರ್ಕಾರದ 2012ರ ನಿಯಮಗಳಂತೆ ಎ3 ಅಥವಾ ಅದಕ್ಕಿಂತ ಚಿಕ್ಕ ಹಾಳೆಯ ಪ್ರತಿ ಪುಟಕ್ಕೆ 2 ರೂಪಾಯಿ ಶುಲ್ಕವಿದ್ದು, ಬಡತನ ರೇಖೆಗಿಂತ ಕೆಳಗಿರುವವರು ಸೂಕ್ತ ಪುರಾವೆ ಲಗತ್ತಿಸಿದಲ್ಲಿ ಶುಲ್ಕದಿಂದ ವಿನಾಯಿತಿ ಪಡೆಯುತ್ತಾರೆ. ಅರ್ಜಿಯಲ್ಲಿ ಮಾಹಿತಿ ಬೇಕಾದ ರೂಪವನ್ನು, ಅಂದರೆ ಮುದ್ರಿತ ಪ್ರತಿಯೋ ವಿದ್ಯುನ್ಮಾನ ಕಡತವೋ ಎಂಬುದನ್ನು, ಸ್ಪಷ್ಟವಾಗಿ ನಮೂದಿಸಲು ಕೋರಲಾಗಿದೆ.